ಹನ್ನೊಂದು ಜನಕ್ಕೆ ಹೇಳಿದ ಊಟ

ಅಯೋವಾದ ಹ್ಯಾಲ್‌ಸ್ಟೆಡ್ ಕಾಲೇಜಿನ ಮೆಸ್ಸಿನ ಬಾಗಿಲಲ್ಲಿ, ಕಾರ್ಡು ಉಜ್ಜುವ ಯಂತ್ರದ ಪಕ್ಕದಲ್ಲಿ, ಲವಾನ್ ಇಪ್ಪತ್ತೆರಡು ವರ್ಷದಿಂದ ನಿಂತಿದ್ದಾಳೆ. ಒಳಗೆ ಬರುವ ಪ್ರತಿಯೊಬ್ಬರಿಗೂ ಅವಳದು ಒಂದೇ ಮಾತು: "ಹೇಗಿದ್ದೀಯ ಚಿನ್ನ?" ಬಂದವರದೂ ಒಂದೇ ಉತ್ತರ: "ಚೆನ್ನಾಗಿದ್ದೀನಿ, ನೀವು?" ಆ 'ನೀವು' ಬಾಯಿಂದ ಹೊರಬೀಳುವಷ್ಟರಲ್ಲಿ ಹುಡುಗರು ಪಿಜ್ಜಾದ ಹತ್ತಿರ ತಲುಪಿರುತ್ತಾರೆ. ಅದೊಂದು ಪ್ರಶ್ನೆ ಎಂದು ಕೇಳಿದವಳೂ ತಿಳಿದಿಲ್ಲ, ಉತ್ತರ ಕೊಟ್ಟವರೂ ತಿಳಿದಿಲ್ಲ. ಹಾಗೆ ಎಲ್ಲರೂ ಸುಖವಾಗಿದ್ದರು.

ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ ಒಬ್ಬ ಹುಡುಗಿ ಆ ಮಾತಿಗೆ ಗಕ್ಕನೆ ನಿಂತುಬಿಟ್ಟಳು.

"ಅಷ್ಟೇನೂ ಚೆನ್ನಾಗಿಲ್ಲ," ಎಂದಳು. "ರಾತ್ರಿಯೆಲ್ಲ ನಿದ್ದೆ ಇಲ್ಲ. ನಮ್ಮ ರೂಮಿನ ಏಸಿ ಟ್ರ್ಯಾಕ್ಟರ್ ತರ ಗುರುಗುಟ್ಟುತ್ತೆ. ಗಂಟಲು ಬೇರೆ ಕಟ್ಟಿದೆ, ನೀರು ಕೇಳಿದ್ರೆ ಎಲ್ಲರೂ ಲೋಟದ ತುಂಬ ಐಸು ಕೊಡ್ತಾರೆ. ಅಮ್ಮನ ನೆನಪೂ ಆಗ್ತಾ ಇದೆ. ನೀವು ಹೇಗಿದ್ದೀರಿ?"

ಕೇಳಿದ್ದು ಮಾತ್ರವಲ್ಲ, ಉತ್ತರಕ್ಕೆ ಕಾದು ನಿಂತಳು. ಅವಳ ಹಿಂದೆ ನಲವತ್ತು ಜನರ ಸಾಲು. ಲವಾನ್ ಒಮ್ಮೆ ಯಂತ್ರ ನೋಡಿದಳು, ಒಮ್ಮೆ ಸಾಲು ನೋಡಿದಳು, ಕೊನೆಗೆ ಹುಡುಗಿಯ ಮುಖ ನೋಡಿದಳು.

"ನಂಗಾ? ಎಡಗಡೆ ಮಂಡಿ ನೋವು ಕಣಮ್ಮ. ಸೋಮವಾರದಿಂದ," ಎಂದಳು. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು, ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

"ಏನಮ್ಮಾ, ಇಬ್ಬರೂ ಸೇರಿ ಆಸ್ಪತ್ರೆ ತೆಗೀತೀರಾ? ಪಿಜ್ಜಾ ಆರ್ತಾ ಇದೆ!" ಎಂದು ಸಾಲಿನಿಂದ ಯಾರೋ ಕೂಗಿದರು.

ಹುಡುಗಿಯ ಹೆಸರು ಕಪ್ಯುಸಿನ್. ವಯಸ್ಸು ಇಪ್ಪತ್ತು. ಫ್ರಾನ್ಸಿನ ನಡುಮಧ್ಯೆ ಗುಡ್ಡಗಳ ನಡುವಿನ ಲ ಪ್ಯುಯಿ ಎಂಬ ಊರಿನವಳು. ಎರಡು ಕಾಲೇಜುಗಳ ನಡುವಿನ ಒಪ್ಪಂದದ ಮೇಲೆ ವಿದ್ಯಾರ್ಥಿ ವಿನಿಮಯಕ್ಕೆಂದು ಬಂದಿದ್ದಳು. ಅವಳ ಹೆಸರಿಗೆ ಅಯೋವಾದ ನಾಲಗೆ ತಿರುಗಲಿಲ್ಲ. ಕಾಫಿ ಅಂಗಡಿಯ ಹುಡುಗ ಹೆಸರು ಕೇಳಿ, ಕಪ್ಪಿನ ಮೇಲೆ 'ಕ್ಯಾಪುಚಿನೋ' ಎಂದು ಬರೆದು, ಅದರೊಳಗೂ ಕ್ಯಾಪುಚಿನೋವನ್ನೇ ಹಾಕಿ ಕೊಟ್ಟ. ಅವಳು ಕೇಳಿದ್ದು ಟೀ. ಮೂರು ಸಲ ತಿದ್ದಿದಳು. ನಾಲ್ಕನೇ ಸಲ ತಲೆಬಾಗಿಸಿ ಕುಡಿದಳು.

ಅವಳ ತಾಯಿ ಮಿರೆಯ್ ಊರಿನ ಶಾಲೆಯೊಂದರಲ್ಲಿ ಅಡುಗೆಯವಳು. ದಿನಾ ನೂರ ಎಂಬತ್ತು ಮಕ್ಕಳಿಗೆ ಬಡಿಸುತ್ತಾಳೆ. ಆರು ವರ್ಷದ ಕೂಸಾದರೂ ಸರಿ, ಮೊದಲು ಒಂದು ತಣ್ಣನೆಯ ಪದಾರ್ಥ, ಆಮೇಲೆ ಬಿಸಿ ಅಡುಗೆ, ಆಮೇಲೆ ಚೀಸು, ಆಮೇಲೆ ಹಣ್ಣು. ಪಂಕ್ತಿಯಲ್ಲಿ ಎಲ್ಲರದೂ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಎದ್ದವರನ್ನು ಮಿರೆಯ್ ಸೌಟು ಹಿಡಿದು ಕೂರಿಸಿದ ಕಥೆಗಳಿವೆ. ಇಂಥವಳ ಮಗಳಿಗೆ ಊಟವೆಂದರೆ ತಟ್ಟೆಯಲ್ಲಿರುವುದು ಅರ್ಧ, ಎದುರು ಕೂತವರು ಇನ್ನರ್ಧ. ಪ್ರತಿ ಭಾನುವಾರ ಫೋನಿನಲ್ಲಿ ತಾಯಿ ಕೇಳುತ್ತಿದ್ದುದೂ ಏನು ತಿಂದೆ ಎಂದಲ್ಲ.

"ಯಾರ ಜೊತೆ ಊಟ ಮಾಡ್ದೆ?"

"ಟೆಸ್ಸಾ ಜೊತೆ ಅಮ್ಮ," ಎನ್ನುತ್ತಿದ್ದಳು ಕಪ್ಯುಸಿನ್. ಟೆಸ್ಸಾ ಅವಳ ರೂಮಿನವಳು, ನೆಬ್ರಾಸ್ಕಾದ ಹುಡುಗಿ, ವಾಲಿಬಾಲ್ ಆಟಗಾರ್ತಿ. ಚಿನ್ನದಂಥ ಹುಡುಗಿಯೇ, ಆದರೆ ಅವಳು ಕೂತು ಊಟ ಮಾಡಿದ್ದನ್ನು ಕಪ್ಯುಸಿನ್ ಕಣ್ಣಾರೆ ನೋಡಿರಲಿಲ್ಲ. ಬೆಳಿಗ್ಗೆ ಶೂ ಲೇಸು ಕಟ್ಟುತ್ತಾ ಬಾಳೆಹಣ್ಣು, ಮಧ್ಯಾಹ್ನ ಮೆಟ್ಟಿಲಿಳಿಯುತ್ತಾ ಸ್ಯಾಂಡ್‌ವಿಚ್, ಸಂಜೆ ಜಿಮ್ಮಿನ ದಾರಿಯಲ್ಲಿ ಡಬ್ಬಿಯೊಳಗಿನ ಅದೇನೋ. ಟೆಸ್ಸಾ ಒಬ್ಬಳೇ ಅಲ್ಲ, ಇಡೀ ಕ್ಯಾಂಪಸ್ಸೇ ಹಾಗೆ ಬಾಯಾಡಿಸುತ್ತಾ ನಡೆಯುತ್ತಿತ್ತು. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಪಕ್ಕದ ಬೆಂಚಿನ ಕೋಲ್ಟನ್, ಮೇಷ್ಟ್ರ ಎದುರಿಗೇ ಹಬೆಯಾಡುವ ನೂಡಲ್ಸ್ ತೆರೆದು ಸೊರ್ ಎಂದು ಎಳೆದ. ಈಗ ಹುಡುಗನಿಗೆ ಗ್ರಹಚಾರ ಕಾದಿದೆ ಎಂದು ಕಪ್ಯುಸಿನ್ ಉಸಿರು ಬಿಗಿಹಿಡಿದಳು. ಮೇಷ್ಟ್ರು ಪಾಠ ನಿಲ್ಲಿಸಿ, "ಕೋಳಿದಾ?" ಎಂದು ಕೇಳಿ, ಚೀಲದಿಂದ ತಮ್ಮ ಸೇಬು ತೆಗೆದು ಕಚ್ಚಿ, ಪಾಠ ಮುಂದುವರಿಸಿದರು.

ಹಾಗೆಂದು ಅವಳು ಮೂಗು ಮುರಿಯುವ ಜಾತಿಯಲ್ಲ. ಮೆಸ್ಸಿನಲ್ಲಿ ಸಿಕ್ಕಿದ್ದನ್ನೆಲ್ಲ ತಿಂದು ನೋಡಿದಳು. ಬ್ರೆಡ್ಡು ಕೇಕಿನಷ್ಟು ಸಿಹಿ. ಚೀಸು ಕಿತ್ತಳೆ ಬಣ್ಣದ್ದು, ಯಾವ ಹಸುವಿನದೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಆದರೆ ಬೆಣ್ಣೆ ಸವರಿದ ಎಳೆಯ ಮುಸುಕಿನ ಜೋಳದ ತೆನೆಗೆ ಮೊದಲ ವಾರವೇ ಸೋತಳು. ಅವಳ ಊರಿನಲ್ಲಿ ಜೋಳ ಹಂದಿಗೆ, ಕೋಳಿಗೆ. "ನಮ್ಮ ಹಂದಿಗಳಿಗೆ ಇಷ್ಟು ದಿನ ಇಂಥ ಸುಖ ಇತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ," ಎಂದು ಲವಾನ್‌ಗೆ ಹೇಳಿ ನಾಲ್ಕು ತೆನೆ ಮುಗಿಸಿದಳು. ಕಡಲೆಕಾಯಿ ಬೆಣ್ಣೆಯನ್ನು ಚಮಚದಲ್ಲೇ ತಿನ್ನಲು ಕಲಿತಳು. ತಿಂಡಿ ತೀರ್ಥದ ಕಷ್ಟ ಅವಳಿಗಿರಲಿಲ್ಲ. ಕಷ್ಟವಿದ್ದುದು ಎದುರಿನ ಖಾಲಿ ಕುರ್ಚಿಯದು. ಮುನ್ನೂರು ಜನ ಹಿಡಿಸುವ ಮೆಸ್ಸಿನಲ್ಲಿ ಒಬ್ಬಳೇ ಕೂತು ಐವತ್ತು ನಿಮಿಷ ಉಣ್ಣುತ್ತಿದ್ದವಳು ಅವಳೊಬ್ಬಳೇ.

ಇನ್ನೂ ಗೋಳೆಂದರೆ, ಜನ ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಎಲ್ಲರೂ ನಗುಮುಖದವರೇ. ಭೇಟಿಯಾದ ಎರಡನೇ ನಿಮಿಷಕ್ಕೆ, "ನಿನ್ನ ಮಾತು ಕೇಳೋಕೆ ಎಷ್ಟು ಚೆಂದ! ಯಾವತ್ತಾದ್ರೂ ಒಟ್ಟಿಗೆ ಊಟ ಮಾಡೋಣ!" ಎನ್ನುತ್ತಿದ್ದರು. ಕಪ್ಯುಸಿನ್ ತಕ್ಷಣ ಚೀಲದಿಂದ ಡೈರಿ ತೆಗೆಯುತ್ತಿದ್ದಳು.

"ಸಂತೋಷ! ಯಾವತ್ತು? ಗುರುವಾರ ಹನ್ನೆರಡೂವರೆ ಆಗುತ್ತಾ?"

ಹೇಳಿದವರ ಮುಖ ಇಂಗು ತಿಂದ ಮಂಗನಂತೆ ಆಗುತ್ತಿತ್ತು. "ಗುರುವಾರ... ಅಯ್ಯೋ, ಈ ವಾರ ಒಂಚೂರು... ಆದ್ರೆ ಖಂಡಿತಾ, ಖಂಡಿತಾ!" ಎಂದು ಕೈಬೀಸುತ್ತಾ ಹಿಮ್ಮುಖವಾಗಿಯೇ ನಡೆದುಬಿಡುತ್ತಿದ್ದರು. ಅಕ್ಟೋಬರ್ ನಡುವಿನ ಹೊತ್ತಿಗೆ ಅವಳ ಡೈರಿಯಲ್ಲಿ ಹನ್ನೊಂದು ಹೆಸರುಗಳಿದ್ದವು, ಒಂದಕ್ಕೂ ತಾರೀಕಿರಲಿಲ್ಲ. ಟೆಸ್ಸಾಳ ಹೆಸರೂ ಅದರಲ್ಲಿತ್ತು, ಕೋಲ್ಟನ್‌ನದೂ ಇತ್ತು.

ಆ ಭಾನುವಾರ ತಾಯಿಗೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಎರಡು ತಿಂಗಳಿಂದ ಒಬ್ಬಳೇ ಉಂಡದ್ದನ್ನೆಲ್ಲ ಹೇಳಿಬಿಟ್ಟಳು.

"ನಿನ್ನ ಫಾರ್ಮು ಯಾವಾಗ ಕೊಡಬೇಕು?" ಎಂದಳು ಮಿರೆಯ್. ವಿನಿಮಯದ ಕರಾರಿನಲ್ಲಿ ಒಂದು ಸೆಮಿಸ್ಟರಿಗೆ ಮುಗಿಸಿ ಹೋಗಬಹುದು, ಇಲ್ಲವೇ ಮೇ ತಿಂಗಳವರೆಗೂ ಇರಬಹುದು. ಯಾವುದೆಂದು ನವೆಂಬರ್ ಕೊನೆಯೊಳಗೆ ಬರೆದುಕೊಡಬೇಕು.

"ಇನ್ನೂ ಆರು ವಾರ ಇದೆ."

"ಆರು ವಾರದಲ್ಲಿ ಒಂದೇ ಒಂದು ಸಲ ನಾಲ್ಕು ಜನರ ಜೊತೆ ಕೂತು ಉಂಡರೆ ಇರು. ಇಲ್ಲಾಂದ್ರೆ ಡಿಸೆಂಬರ್‌ಗೆ ಗಂಟುಮೂಟೆ ಕಟ್ಕೊಂಡು ಬಾ. ಒಬ್ಬರೇ ಉಣ್ಣೋ ಊರಲ್ಲಿ ಓದಿ ಏನಾಗಬೇಕು?"

ಕಪ್ಯುಸಿನ್‌ಗೂ ಅದೇ ಸರಿ ಎನ್ನಿಸಿತು. ಆದರೆ ಹೋಗಲು ಮನಸ್ಸಿರಲಿಲ್ಲ. ಅವಳಿಗೆ ಈ ಜನರನ್ನು ಕಂಡರೆ ಇಷ್ಟವೇ ಇತ್ತು, ಅದೇ ಅವಳ ತಾಪತ್ರಯ.

ಮಾರನೆಯ ದಿನ ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಲವಾನ್‌ಳನ್ನು ಹುಡುಕಿಕೊಂಡು ಹೋದಳು. ಲವಾನ್ ಹಿಂಬದಿಯ ಫ್ರೀಜರಿಗೆ ಒರಗಿ ನಿಂತೇ ಒಂದು ಬಟ್ಟಲು ಸೂಪು ಕುಡಿಯುತ್ತಿದ್ದಳು. ಕಪ್ಯುಸಿನ್ ಡೈರಿ ತೆರೆದು ತೋರಿಸಿದಳು.

"ಹನ್ನೊಂದು ಜನ. ಎಲ್ಲರೂ ಊಟ ಮಾಡೋಣ ಅಂದ್ರು. ನಾನು ಯಾವತ್ತು ಅಂದೆ, ಓಡಿಹೋದ್ರು. ನನ್ನ ಬಾಯಿ ಏನಾದ್ರೂ ವಾಸನೆ ಬರುತ್ತಾ?"

ಲವಾನ್ ಸೂಪು ಮೂಗಿಗೇರಿ ಕೆಮ್ಮಿದಳು. "ಅಯ್ಯೋ ನನ್ನ ಚಿನ್ನ! ಅದು ಊಟದ ಮಾತೇ ಅಲ್ಲ. ಅದು ಟಾಟಾ!"

"ಟಾಟಾ ಅನ್ನೋಕೆ ಟಾಟಾ ಅನ್ನಬಾರದಾ?"

"ಬರೀ ಟಾಟಾ ಅಂದ್ರೆ ಒರಟಾಗಲ್ವಾ?"

ಇದರಲ್ಲಿ ಅಯೋವಾದವರನ್ನು ಬೈದು ಪ್ರಯೋಜನವಿಲ್ಲ. ನಮ್ಮ ಕಡೆ ದಾರಿಯಲ್ಲಿ ಸಿಕ್ಕವರು 'ಊಟ ಆಯ್ತಾ' ಎಂದು ಕೇಳುವುದಿಲ್ಲವೇ? 'ಇಲ್ಲ' ಎಂದು ಅವರ ಹಿಂದೆಯೇ ಹೊರಟುಬಿಟ್ಟರೆ ಅವರ ಮನೆಯಾಕೆಯ ಗತಿ ಏನು? ಆದರೆ ಕಪ್ಯುಸಿನ್‌ಗೆ ಈ ಮೂಗಿಗೆ ತುಪ್ಪ ಸವರುವ ಉಪಚಾರ ಹಿಡಿಸಲಿಲ್ಲ. ಅವಳ ಮೂಗು ಕೆಂಪಾಯಿತು.

"ಮಾತಂದ್ರೆ ಮಾತು," ಎಂದಳು. "ಹನ್ನೊಂದು ಜನ ಬಾಯಿಬಿಟ್ಟು ಹೇಳಿದ್ದಾರೆ. ಹನ್ನೊಂದು ಜನಕ್ಕೂ ನಾನೇ ಊಟಕ್ಕೆ ಹೇಳ್ತೀನಿ. ನವೆಂಬರ್ ಎರಡನೇ ಭಾನುವಾರ, ಹನ್ನೆರಡು ಗಂಟೆಗೆ. ನೀವೂ ಬರಬೇಕು. ಯಾರೂ ಬರ್ಲಿಲ್ಲ ಅಂದ್ರೆ ನಾನು ಊರಿಗೆ ಹೋಗ್ತೀನಿ, ಮುಗೀತು."

ಹಾಸ್ಟೆಲಿನ ನೆಲ ಅಂತಸ್ತಿನಲ್ಲಿ ಎಲ್ಲರಿಗೂ ಸೇರಿದ ಒಂದು ಅಡುಗೆಮನೆಯಿತ್ತು. ಅದರಲ್ಲಿ ಪಾಪ್‌ಕಾರ್ನ್ ಬಿಟ್ಟು ಬೇರೇನನ್ನೂ ಯಾರೂ ಮಾಡಿರಲಿಲ್ಲ. ಅಲ್ಲಿಯೇ ಊಟವೆಂದು ಹನ್ನೊಂದು ಚೀಟಿ ಬರೆದು, ತಾನೇ ಹೋಗಿ ಕೈಗೆ ಕೊಟ್ಟು ಬಂದಳು. ಎರಡು ದಿನದಲ್ಲಿ ಉತ್ತರಗಳೆಲ್ಲ ಬಂದವು. ಕುಣಿದಾಡುತ್ತಾ ಲವಾನ್ ಹತ್ತಿರ ಓಡಿದಳು.

"ಎಲ್ಲರೂ ಬರ್ತಾರೆ! ಕೇಳಿ, ಐದು ಜನ 'ಎಷ್ಟು ಮಜಾ ಇರುತ್ತೆ!' ಅಂದ್ರು."

"ಅವರು ಬರಲ್ಲ," ಎಂದಳು ಲವಾನ್.

"ಮೂರು ಜನ 'ಖಂಡಿತ ಪ್ರಯತ್ನ ಮಾಡ್ತೀನಿ' ಅಂದ್ರು."

"ಅವರಂತೂ ಬರೋದೇ ಇಲ್ಲ. ಮಿಕ್ಕ ಮೂರು ಜನ ಏನಂದ್ರು?"

"ಟೆಸ್ಸಾ, ಕೋಲ್ಟನ್, ಆಮೇಲೆ ಟೆಸ್ಸಾ ಟೀಮಿನ ಬ್ರಿನ್. ಅವರು ಬರ್ತೀನಿ ಅನ್ಲೇ ಇಲ್ಲ. 'ನಾನೇನು ತರಲಿ?' ಅಂತ ಕೇಳಿದ್ರು."

ಲವಾನ್ ಮುಖ ಅರಳಿತು. "ಆಹಾ! ಅವರು ಬರ್ತಾರೆ. 'ಏನು ತರಲಿ' ಅಂದವರು ಬಂದೇ ಬರ್ತಾರೆ, ಹಿಮ ಬಿದ್ರೂ ಬರ್ತಾರೆ. ನೀನೇನು ತರೋಕೆ ಹೇಳ್ದೆ?"

"ಏನೂ ಬೇಡ ಅಂದೆ," ಕಪ್ಯುಸಿನ್ ಹೆಮ್ಮೆಯಿಂದ ಎದೆ ಸೆಟೆಸಿದಳು. "ನಾನು ಕರೆದವಳು, ನಾನೇ ಮಾಡೋಳು. ಒಂದು ಕಡ್ಡಿ ಕೂಡ ತರಬೇಡಿ, ಬರೀ ಕೈಯಲ್ಲಿ ಬನ್ನಿ ಅಂದೆ. ಕೋಲ್ಟನ್ ಎರಡು ಸಲ ಕೇಳ್ದ. ಎರಡು ಸಲಾನೂ ಬೈದೆ."

ಲವಾನ್ ತಲೆಯ ಮೇಲೆ ಕೈ ಹೊತ್ತಳು. "ಬರೋರ ಕಾಲು ಮುರಿದೆಯಲ್ಲೇ! ನಮ್ಮಲ್ಲಿ ಬರೀ ಕೈಯಲ್ಲಿ ಯಾರಾದ್ರೂ ಊಟಕ್ಕೆ ಹೋಗ್ತಾರಾ? ಕೈ ಎಲ್ಲಿಡಬೇಕು ಅಂತಲೇ ಅವರಿಗೆ ಗೊತ್ತಾಗಲ್ಲ. ಏನೂ ಬೇಡ ಅಂದ್ರೆ, 'ನೀನಿಲ್ದಿದ್ರೂ ನಡೆಯುತ್ತೆ' ಅಂದ ಹಾಗೆ."

"ನಮ್ಮಲ್ಲಿ ಅತಿಥಿಗೆ ಅಡುಗೆ ಮಾಡ್ಕೊಂಡು ಬಾ ಅಂದ್ರೆ ಮರ್ಯಾದೆ ಹೋಯ್ತು!"

"ಸರಿ, ಮರ್ಯಾದೆ ಇಟ್ಕೋ, ಒಬ್ಬಳೇ ಉಣ್ಣು."

ಆ ಮಾತು ನಾಟಿತು. ಕಪ್ಯುಸಿನ್ ಅರ್ಧ ದಿನ ಹಾಸಿಗೆ ಮೇಲೆ ಬಿದ್ದು ಯೋಚಿಸಿದಳು. ತಾಯಿಗೇನಾದರೂ ಗೊತ್ತಾದರೆ, ಮಗಳು ಪಂಕ್ತಿಗೆ ಕರೆದು ಭಿಕ್ಷೆ ಎತ್ತಿದಳು ಎನ್ನುತ್ತಾಳೆ. ಕೊನೆಗೆ ಎದ್ದು, ಮೂವರನ್ನೂ ಹುಡುಕಿ, ನಾಚಿಕೆಯಿಂದ ಕಿವಿ ಕೆಂಪು ಮಾಡಿಕೊಂಡು ಬೇಡಿದಳು: ಟೆಸ್ಸಾಗೆ ಬ್ರೆಡ್ಡು, ಕೋಲ್ಟನ್‌ಗೆ ಸಾಲಡ್, ಬ್ರಿನ್‌ಗೆ ಕುಡಿಯಲು ಏನಾದರೂ. ಕೇಳಿದ್ದೇ ತಡ, ಮೂವರ ಮುಖವೂ ದೀಪ ಹಚ್ಚಿದ ಹಾಗಾಯಿತು. "ನಮ್ಮಜ್ಜಿ ಮಾಡೋ ಸಾಲಡ್ ತರ್ತೀನಿ, ನೋಡು!" ಎಂದ ಕೋಲ್ಟನ್.

ಆ ಭಾನುವಾರ ಅವಳು ಬೆಳಿಗ್ಗೆ ಆರಕ್ಕೇ ಎದ್ದಳು. ಹಸಿರು ಬಣ್ಣದ ಪುಟ್ಟ ಮಸೂರ್ ಕಾಳು ಅವಳ ಊರಿನ ಹೆಮ್ಮೆ. ಪೇಟೆಯಲ್ಲಿ ಹೇಗೋ ಸಿಕ್ಕಿತ್ತು. ಅದನ್ನು ಬೇಯಿಸಿ, ಆರಿಸಿ, ಈರುಳ್ಳಿ, ಸಾಸಿವೆ, ಹುಳಿ ಹಾಕಿ ತಣ್ಣನೆಯದೊಂದು ಮಾಡಿದಳು. ಸಾಸಿವೆ ಅರೆದು ಸವರಿದ ಕೋಳಿಯನ್ನೂ ಹಾಲಿನಲ್ಲಿ ಬೇಯುವ ಆಲೂಗಡ್ಡೆಯನ್ನೂ ಓವನ್‌ಗೆ ಹಾಕಿದಳು. ವಾಸನೆ ಇಲ್ಲದ್ದೊಂದು, ವಾಸನೆ ಇದ್ದದ್ದೊಂದು, ಎರಡು ಚೀಸು. ಸೇಬಿನ ಟಾರ್ಟು. ಒಂದು ಚಂದದ ಕಾರ್ಡಿನ ಮೇಲೆ ಊಟದ ಪಟ್ಟಿಯನ್ನು ಫ್ರೆಂಚಿನಲ್ಲೇ ಬರೆದು ಮೇಜಿನ ನಡುವೆ ನಿಲ್ಲಿಸಿದಳು.

ಹನ್ನೆರಡಕ್ಕೆ ಎಂದರೆ ಹನ್ನೆರಡೂ ಕಾಲಕ್ಕೆ ಬರುವುದು ಅವಳ ಊರಿನ ಸಭ್ಯತೆ, ಮನೆಯಾಕೆಗೆ ಬಾಚಣಿಗೆ ಹುಡುಕಲು ಸಮಯ ಬೇಡವೇ? ಹನ್ನೆರಡಕ್ಕೆ ಎಂದರೆ ಐದು ನಿಮಿಷ ಮುಂಚೆ ಬರುವುದು ಇಲ್ಲಿನದು. ಹನ್ನೊಂದು ಐವತ್ತೈದಕ್ಕೆ ನಾಲ್ವರೂ ಬಾಗಿಲಲ್ಲಿದ್ದರು; ಕಪ್ಯುಸಿನ್ ತಲೆಗೆ ಟವೆಲು ಸುತ್ತಿಕೊಂಡು ನಿಂತಿದ್ದಳು. 'ಎಷ್ಟು ಮಜಾ ಇರುತ್ತೆ' ಎಂದವರಲ್ಲಿ ಒಬ್ಬರೂ ಇರಲಿಲ್ಲ. ಆದರೆ ತಾಯಿ ಹಾಕಿದ ಲೆಕ್ಕ ನಾಲ್ಕೇ ತಾನೆ. ನಾಲ್ಕು ಜನ ಬಂದಿದ್ದಾರೆ! ಹಾಲು ಕುಡಿದಷ್ಟು ಸಂತೋಷವಾಯಿತು ಅವಳಿಗೆ.

ಬ್ರಿನ್ ಸೇಬಿನ ರಸ ತಂದಿದ್ದಳು. ಟೆಸ್ಸಾ ತಂದ ಬ್ರೆಡ್ಡು ದಾಲ್ಚಿನ್ನಿ ಸುತ್ತಿ ಸಕ್ಕರೆ ಪಾಕ ಸುರಿದ ಬನ್ನುಗಳು.

"ಇದು... ಬ್ರೆಡ್ಡಾ?" ಎಂದಳು ಕಪ್ಯುಸಿನ್.

"ಕಾಳು ಮಾಡ್ತೀನಿ ಅಂದ್ಯಲ್ಲ? ನಮ್ಮ ಸ್ಕೂಲಲ್ಲಿ ಕಾಳಿನ ಸಾರಿಗೆ ಯಾವಾಗ್ಲೂ ಇದೇ ಜೊತೆ," ಎಂದಳು ಟೆಸ್ಸಾ, ಇದನ್ನೂ ಕೇಳಬೇಕೇ ಎಂಬಂತೆ.

ಕೋಲ್ಟನ್ ತನ್ನ ಬೋಗುಣಿಯ ಮುಚ್ಚಳ ತೆಗೆದ. ಸೇಬಿನ ಹೋಳು, ಕತ್ತರಿಸಿದ ಚಾಕೊಲೇಟ್ ಬಾರುಗಳು, ಮೇಲೆ ಹಿಮ ಬಿದ್ದ ಹಾಗೆ ಕೆನೆ.

"ನಾನು ಸಾಲಡ್ ಅಂದಿದ್ದೆನಲ್ಲ?" ಎಂದಳು ಕಪ್ಯುಸಿನ್.

"ಸಾಲಡ್ಡೇ ಇದು. ಸೇಬು ಹಣ್ಣಲ್ವಾ?"

ಲವಾನ್ ತನ್ನ ಚರ್ಚಿನಿಂದ ಮಡಿಸುವ ಕುರ್ಚಿಗಳನ್ನು ಹೊತ್ತು ತಂದಿದ್ದಳು. ಎಲ್ಲರೂ ಕೂತರು. ಕಪ್ಯುಸಿನ್ ಕಾಳಿನ ಬೋಗುಣಿಯನ್ನು ಮೇಜಿನ ಮೇಲಿಟ್ಟು, "ಶುರು ಮಾಡಿ, ನಾನು ಓವನ್ ನೋಡಿ ಬಂದೆ," ಎಂದು ಮೂಲೆಗೆ ಹೋದಳು. ಕೋಳಿ ಇನ್ನೂ ಬೆಂದಿರಲಿಲ್ಲ, ಮೇಜಿಗೆ ಬೆನ್ನು ಹಾಕಿ ಅದರ ಮುಂದೆಯೇ ನಿಂತುಬಿಟ್ಟಳು.

ಇಲ್ಲೇ ಆದದ್ದು ಅನಾಹುತ. ಕಾರ್ಡನ್ನು ನಾಲ್ವರೂ ಇಣುಕಿದರು. ಫ್ರೆಂಚು ಒಬ್ಬರಿಗೂ ಬರದು. ಆದರೆ ಮೊದಲ ಸಾಲಿನ ಮೊದಲ ಪದ ಎಲ್ಲರಿಗೂ ಗೊತ್ತಿದ್ದದ್ದೇ: ಆಂತ್ರೆ. ಕಪ್ಯುಸಿನ್‌ಳ ಊರಿನಲ್ಲಿ ಆಂತ್ರೆ ಎಂದರೆ ಪ್ರವೇಶ. ಊಟದ ಮೊದಲು ನಾಲಗೆ ಒದ್ದೆ ಮಾಡಿಕೊಳ್ಳಲು ಬಡಿಸುವ ಎರಡು ತುತ್ತು. ಅದೇ ಪದ ಸಮುದ್ರ ದಾಟಿ ಅಮೆರಿಕಕ್ಕೆ ಬರುವಷ್ಟರಲ್ಲಿ ಹೇಗೋ ಮೈ ಬೆಳೆಸಿಕೊಂಡು, ಇಲ್ಲಿನ ಎಲ್ಲ ಹೋಟೆಲಿನಲ್ಲೂ ಆಂತ್ರೆ ಎಂದರೆ ಊಟದ ಮುಖ್ಯ ಅಡುಗೆ. ಓಹೋ, ಇವತ್ತಿನ ಊಟ ತಣ್ಣನೆಯ ಕಾಳು ಎಂದುಕೊಂಡರು. ಪಾಪದ ಹುಡುಗಿ, ಕೈಲಾದದ್ದು ಮಾಡಿದ್ದಾಳೆ. ಬಿಟ್ಟರೆ ನೊಂದುಕೊಳ್ಳುತ್ತಾಳೆ. ಕೋಲ್ಟನ್ ಮೂರು ಸಲ ಹಾಕಿಸಿಕೊಂಡ. ಬ್ರಿನ್ ಬನ್ನಿನಲ್ಲಿ ಬೋಗುಣಿಯ ತಳ ಸವರಿದಳು. ಹನ್ನೊಂದು ಜನಕ್ಕೆಂದು ಮಾಡಿದ ಕಾಳು ಇಪ್ಪತ್ತು ನಿಮಿಷದಲ್ಲಿ ಖಾಲಿಯಾಯಿತು. ಆಮೇಲೆ ಒಳ್ಳೆಯ ಮನೆಯಲ್ಲಿ ಬೆಳೆದ ಮಕ್ಕಳಂತೆ ತಟ್ಟೆಗಳನ್ನು ತೊಳೆದು ಒರೆಸಿಟ್ಟರು. ಕೊನೆಗೆ ಕೋಲ್ಟನ್ ಎರಡು ಕೈಯಿಂದ ಎರಡು ತೊಡೆ ತಟ್ಟಿಕೊಂಡು, "ಸರಿ ಹಾಗಾದ್ರೆ..." ಎಂದ. ಆ ಸೀಮೆಯಲ್ಲಿ ತೊಡೆ ತಟ್ಟಿದರೆಂದರೆ ಹೊರಟರೆಂದೇ ಅರ್ಥ.

ಕಪ್ಯುಸಿನ್ ಕೋಳಿಯ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ತಿರುಗಿದಾಗ ನಾಲ್ವರೂ ಕೋಟು ಹಾಕಿಕೊಂಡು ನಿಂತಿದ್ದರು.

ಇಷ್ಟೇ. ಇವರೂ ಇಷ್ಟೇ. ಬಂದರು, ಇಪ್ಪತ್ತು ನಿಮಿಷ ಇದ್ದರು, ಹೊರಟರು. ಮೂರು ವಾರ ಕಾದದ್ದು, ಬೇಡಿದ್ದು, ಬೆಳಗಿನಿಂದ ಬೆಂದದ್ದು, ಎಲ್ಲ ಇಪ್ಪತ್ತು ನಿಮಿಷಕ್ಕೆ.

"ತುಂಬಾ ತುಂಬಾ ಚೆನ್ನಾಗಿತ್ತು ಊಟ," ಎಂದಳು ಬ್ರಿನ್.

ಆ ಮಾತು ಕೇಳಿದ್ದೇ ಕಪ್ಯುಸಿನ್‌ಗೆ ಸಿಟ್ಟು ಬಂತು. "ಯಾವ ಊಟ?"

"ಇದೇ... ಕಾಳಿನ ಊಟ."

"ಊಟ ಇನ್ನೂ ಶುರುವೇ ಆಗಿಲ್ಲ! ಇದೇನು ನನ್ನ ಕೈಯಲ್ಲಿರೋದು, ಇಟ್ಟಿಗೇನಾ?"

ಆಗ ಎಲ್ಲರೂ ಕೋಳಿಯನ್ನು ನೋಡಿದರು. ಕೋಲ್ಟನ್ ಹೆದರುತ್ತಲೇ ಕಾರ್ಡಿನ ಕಡೆ ಬೆರಳು ತೋರಿಸಿದ. "ಆಂತ್ರೆ ಅಂತ ಬರ್ದಿದ್ದೀಯಲ್ಲ?"

"ಹೌದು, ಆಂತ್ರೆ! ಆಂತ್ರೆ ಅಂದ್ರೆ ಒಳಗೆ ಬನ್ನಿ ಅಂತ! ನೀವು ಬಾಗಿಲಲ್ಲೇ ಹೊಟ್ಟೆ ತುಂಬಿಸ್ಕೊಂಡು ವಾಪಸ್ ಹೊರಟಿದ್ದೀರಿ!"

ಮೊದಲು ಲವಾನ್‌ಗೆ ನಗು ಬಂತು. ಅವಳ ನಗು ಹೊಟ್ಟೆಯಿಂದ ಬರುವಂಥದ್ದು, ಒಮ್ಮೆ ಶುರುವಾದರೆ ಗೋಡೆ ಹಿಡಿದುಕೊಳ್ಳಬೇಕು. ಟೆಸ್ಸಾ ನಕ್ಕಳು, ಬ್ರಿನ್ ನಕ್ಕಳು, ಕೋಲ್ಟನ್ ಕೋಟಿನೊಳಗೆ ಮುಖ ಹುದುಗಿಸಿ ನಕ್ಕ. ಕೊನೆಗೆ ಕಪ್ಯುಸಿನ್‌ಳೂ, ಕೋಳಿ ಬೀಳುವಷ್ಟು ನಕ್ಕಳು.

"ಕೋಟು ತೆಗೀರಿ ಎಲ್ಲಾ," ಎಂದಳು ಲವಾನ್.

"ತೆಗೀಬಹುದು," ಎಂದ ಕೋಲ್ಟನ್ ಹೊಟ್ಟೆ ಸವರಿಕೊಳ್ಳುತ್ತಾ, "ಆದ್ರೆ ದೇವರಾಣೆ ಒಂದು ತುತ್ತಿಗೂ ಜಾಗ ಇಲ್ಲ. ಮೂರು ಸಲ ಹಾಕಿಸ್ಕೊಂಡೆ, ನಿನಗೆ ಬೇಜಾರಾಗಬಾರ್ದು ಅಂತ."

"ಜಾಗ ಆಗೋ ತನಕ ಕೂತ್ಕೊಳ್ಳಿ," ಎಂದಳು ಕಪ್ಯುಸಿನ್. "ಕೂತು ಏನು ಮಾಡೋದು ಅಂತ ಕೇಳಬೇಡಿ. ಮಾತಾಡೋದು."

ಬೇರೆ ದಾರಿ ಇರಲಿಲ್ಲ, ಕೂತರು. ಮೊದಲ ಹತ್ತು ನಿಮಿಷ ಟೆಸ್ಸಾ ಕಾಲು ಕುಣಿಸುತ್ತಿದ್ದಳು, ಕೋಲ್ಟನ್ ಫೋನು ತೆಗೆದು ಜೇಬಿಗಿಟ್ಟ. ಆಮೇಲೆ ಅವನು ತನ್ನಪ್ಪನ ಹಂದಿಗಳ ಸುದ್ದಿ ತೆಗೆದ. ಒಂದು ಹಂದಿ ಬೇಲಿ ಹಾರಿ ಪಾದ್ರಿಯ ಮದುವೆ ಪಾರ್ಟಿಗೆ ನುಗ್ಗಿದ್ದನ್ನು ಹೇಳುವಷ್ಟರಲ್ಲಿ ಒಂದೂವರೆ ಆಯಿತು. ಟೆಸ್ಸಾ ತಾನು ರೂಮಿನಲ್ಲಿ ಕೂರದಿರುವುದಕ್ಕೆ ಕಾರಣ ಹೇಳಿದಳು: ಕಪ್ಯುಸಿನ್ ಯಾವಾಗಲೂ ಗಂಭೀರವಾಗಿ ಓದುತ್ತಿರುವುದನ್ನು ಕಂಡು, ತನ್ನಿಂದ ತೊಂದರೆಯಾಗಬಾರದೆಂದು ಹೊರಗೇ ಉಳಿಯುತ್ತಿದ್ದಳಂತೆ. "ನಾನು ಓದ್ತಾ ಇರ್ಲಿಲ್ಲ ಮಾರಾಯ್ತಿ, ನೀನು ಯಾವಾಗ ಬರ್ತೀಯ ಅಂತ ಕಾಯ್ತಾ ಇದ್ದೆ!" ಎಂದಳು ಇವಳು. ಇಬ್ಬರೂ ಒಬ್ಬರನ್ನೊಬ್ಬರು ದಡ್ಡಿ ಎಂದು ಬೈದುಕೊಂಡರು.

ಎರಡೂವರೆಗೆ ಕೋಳಿಗೆ ಜಾಗವಾಯಿತು. ಮೂರೂವರೆಗೆ ಚೀಸು; ವಾಸನೆಯದನ್ನು ಬ್ರಿನ್ ಮೂಗು ಹಿಡಿದು ತಿಂದು, ಕೈ ಬಿಟ್ಟು ಇನ್ನೊಂದು ಚೂರು ಕೇಳಿದಳು. ಕೋಲ್ಟನ್‌ನ ಸಾಲಡ್ಡನ್ನು ಕಪ್ಯುಸಿನ್ ತನ್ನ ಊರಿನ ಕ್ರಮದಂತೆ ಕೋಳಿಗೂ ಚೀಸಿಗೂ ನಡುವೆ ಬಡಿಸಿ, ತಾನು ಎರಡು ಸಲ ಹಾಕಿಕೊಂಡಳು. "ಇದು ಸಾಲಡ್ ಅಂದ್ರೆ ನಮ್ಮಮ್ಮ ಪೊಲೀಸರನ್ನ ಕರೀತಾಳೆ. ಆದ್ರೆ ಇನ್ನೊಂಚೂರು ಹಾಕು," ಎಂದಳು. ಲವಾನ್ ತನ್ನ ಕಥೆ ಹೇಳಿದಳು, ಮದುವೆಗೆ ಮುಂಚೆ ಟ್ರಕ್ಕು ಓಡಿಸುತ್ತಿದ್ದದ್ದು, ಅಲಾಸ್ಕಾವರೆಗೆ ಹೋಗಿದ್ದದ್ದು. ಮೂರು ವರ್ಷದಿಂದ ದಿನಾ ಎರಡು ಹೊತ್ತು ಅವಳೆದುರು ಕಾರ್ಡು ಉಜ್ಜುತ್ತಿದ್ದ ಕೋಲ್ಟನ್, "ನೀವಾ? ಟ್ರಕ್ಕಾ?" ಎಂದು ಬಾಯಿ ತೆರೆದು ಕೂತ.

ಸೇಬಿನ ಟಾರ್ಟು ಮುಗಿಯುವಾಗ ಹೊರಗೆ ಕತ್ತಲಾಗುತ್ತಿತ್ತು. ಕೋಲ್ಟನ್ ಗೋಡೆಯ ಗಡಿಯಾರ ನೋಡಿದ. ಕಪ್ಯುಸಿನ್ ಅವನ ಕೈಗಳನ್ನೇ ನೋಡುತ್ತಿದ್ದಳು, ಈಗ ತೊಡೆ ತಟ್ಟುತ್ತಾನೆ ಎಂದು.

"ಐದು ಗಂಟೆ," ಎಂದ ಅವನು. ಸ್ವಲ್ಪ ಸಂಕೋಚಪಟ್ಟ. "ಅಲ್ಲ... ನಮ್ಮನೇಲಿ ರಾತ್ರಿ ಊಟದ ಹೊತ್ತು ಇದು. ಆ ಕೋಳಿ ಏನಾದ್ರೂ ಮಿಕ್ಕಿದ್ಯಾ?"

ಮೇಜಿನ ಸುತ್ತ ಹೋ ಎಂಬ ನಗೆಯೆದ್ದಿತು. ಒಬ್ಬರೂ ಕೋಟಿನ ಕಡೆ ನೋಡಲಿಲ್ಲ. ಬ್ರಿನ್ ಆಗಲೇ ತಟ್ಟೆಗಳನ್ನು ಮತ್ತೆ ಹಂಚುತ್ತಿದ್ದಳು.

ಲವಾನ್ ಅಭ್ಯಾಸಬಲದಿಂದ ಎದ್ದು ಏಪ್ರನ್ ಕೈಗೆತ್ತಿಕೊಂಡಳು. "ನೀನು ಬೆಳಿಗ್ಗೆಯಿಂದ ಒದ್ದಾಡಿದ್ದೀಯ, ಕೂತ್ಕೋ. ನಾನು ಬಿಸಿ ಮಾಡ್ತೀನಿ."

"ಕೊಡಿ ಇಲ್ಲಿ," ಎಂದು ಕಪ್ಯುಸಿನ್ ಏಪ್ರನ್ನಿನ ಇನ್ನೊಂದು ತುದಿ ಹಿಡಿದಳು.

"ಬಿಡೇ ಹುಡುಗಿ. ಡಿಸೆಂಬರ್‌ಗೆ ಹೊರಡೋಳು ನೀನು. ಅತಿಥಿ ನೀನು, ನಾವು ಮನೆಯವರು."

"ನಾನು ಅತಿಥಿ ಅಲ್ಲ," ಎಂದಳು ಕಪ್ಯುಸಿನ್. ಹೇಳುವವರೆಗೆ ಅವಳಿಗೂ ಗೊತ್ತಿರಲಿಲ್ಲ, ಹೇಳಿದ ಮೇಲೆ ಧ್ವನಿ ಗಟ್ಟಿಯಾಯಿತು. "ಮೇ ತಿಂಗಳ ತನಕ ಇಲ್ಲೇ ಇರ್ತೀನಿ. ಬಡಿಸೋಳು ನಾನು. ನೀವು ಕೂತ್ಕೊಳ್ಳಿ."

ಟೆಸ್ಸಾ ಕುರ್ಚಿ ಎಳೆದು ಕೊಟ್ಟಳು. ಲವಾನ್ ಏಪ್ರನ್ ಬಿಟ್ಟು ಕೂತಳು.